ಬಿಎ, ಬಿಕಾಂ ಮುಗಿಸಿ ಮಲ್ಟಿಮೀಡಿಯಾ ಕಂಪ್ಯೂಟಿಂಗ್ ಓದಬೇಕೇ? ಕಲಬುರಗಿ ಕಡೆಯವರಿಗೆ ಒಂದು ಮಾರ್ಗದರ್ಶಿ

"ಅಣ್ಣಾ, ನಂದು ಬಿಎ ಮುಗದದ. ಮಲ್ಟಿಮೀಡಿಯಾ ಓದಬೇಕಂತ ಮಾಡೀನಿ. ಸೈನ್ಸ್ ಇಲ್ಲ, ಗಣಿತ ಇಲ್ಲ. ನಂಗ ಆಗ್ತದೇನು?"

ಅಫಜಲಪುರ ಕಡೆಯ ಹುಡುಗಿಯೊಬ್ಬಳು ಫೋನಿನಲ್ಲಿ ಕೇಳಿದ ಮಾತಿದು. ರಿಸಲ್ಟ್ ಬರುವ ಹೊತ್ತಿಗೆ ಇಂಥ ಫೋನು ವರ್ಷಾ ಬರುತ್ತವೆ. ನನ್ನ ಉತ್ತರ ಒಂದೇ: ಆಗ್ತದೆ ತಂಗಿ. ಆದರೆ ಫಾರಂ ತುಂಬುವ ಮೊದಲು ಮೂರು ತಿಂಗಳ ಕೆಲಸ ಇದೆ. ಅದನ್ನು ಮಾಡಿದವರು ಉಳಿಯುತ್ತಾರೆ. ಮಾಡದವರಲ್ಲಿ ತುಂಬಾ ಜನ ಮೊದಲ ಸೆಮಿಸ್ಟರ್‌ನಲ್ಲೇ ಕಂಗಾಲಾಗುತ್ತಾರೆ.

ನಾನೂ ಕಲಬುರಗಿಯಲ್ಲಿ ಇತಿಹಾಸ, ಕನ್ನಡ ತಗೊಂಡು ಬಿಎ ಮಾಡಿದವನು. ಪಿಯುಸಿಯಲ್ಲಿ ಕಾಮರ್ಸ್ ಜೊತೆ ಸ್ಟ್ಯಾಟಿಸ್ಟಿಕ್ಸ್ ಇತ್ತು. ಆ ಒಂದು ವಿಷಯದ ಬಲದಿಂದ ಎಂಸಿಎ, ಅಂದರೆ ಕಂಪ್ಯೂಟರ್ ಸ್ನಾತಕೋತ್ತರ ಪದವಿಯ ಸೀಟು ಸಿಕ್ಕಿತು. ಈಗ ಶಾಲೆ ಮಕ್ಕಳಿಗೆ ಪಾಠದ ಅನಿಮೇಷನ್ ತಯಾರಿಸುವ ಕೆಲಸದಲ್ಲಿದ್ದೇನೆ. ನಡುವೆ ಒಂದು ದೊಡ್ಡ ಪೆಟ್ಟು ತಿಂದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಆ ಹೆಸರಿನ ಅರ್ಥ ತಿಳ್ಕೊಳ್ಳಿ

ಬಿಎ ಮುಗಿದ ವರ್ಷ ನಾನು ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಸೇರಿದೆ. ಬೋರ್ಡಿನ ಮೇಲೆ ಮಲ್ಟಿಮೀಡಿಯಾ ಎಂದು ದಪ್ಪಗೆ ಬರೆದಿತ್ತು. ಅಪ್ಪ ತೊಗರಿ ಮಾರಿದ ದುಡ್ಡಲ್ಲಿ 45,000 ರೂಪಾಯಿ ಫೀಸು ಕಟ್ಟಿದರು. ಎಂಟು ತಿಂಗಳು ಕಲಿತದ್ದು ಏನು? ಯಾವ ಮೆನು ಎಲ್ಲಿದೆ, ಯಾವ ಬಟನ್ ಒತ್ತಿದರೆ ಏನಾಗುತ್ತೆ, ಅಷ್ಟೇ. ಮುಂದಿನ ವರ್ಷ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು, ಮೆನು ಜಾಗ ಬದಲಾಯಿತು. ನನ್ನ ಕೈಯಲ್ಲಿ ಉಳಿದದ್ದು ಒಂದು ಸರ್ಟಿಫಿಕೇಟು. ಅದು ಸ್ನಾತಕೋತ್ತರ ಪದವಿ ಅಲ್ಲ ಅನ್ನೋದೂ ಆಗಲೇ ಗೊತ್ತಾದದ್ದು.

ಸಾಫ್ಟ್‌ವೇರ್ ಬಳಸುವುದು ಬೇರೆ, ಮಲ್ಟಿಮೀಡಿಯಾ ಕಂಪ್ಯೂಟಿಂಗ್ ಬೇರೆ. ಚಿತ್ರ, ದನಿ, ವಿಡಿಯೊ, ಅನಿಮೇಷನ್ ಇವೆಲ್ಲ ಕಂಪ್ಯೂಟರ್ ಒಳಗೆ ಅಂಕಿಗಳಾಗಿ ಹೇಗೆ ಕೂರುತ್ತವೆ, ಆ ಅಂಕಿಗಳನ್ನು ಹೇಗೆ ಕುಗ್ಗಿಸಬೇಕು, ಹೇಗೆ ಕಳಿಸಬೇಕು, ಜನ ಅದನ್ನು ತೆರೆಯ ಮೇಲೆ ಹೇಗೆ ಬಳಸುತ್ತಾರೆ ಎಂಬ ಓದು ಇದು. ಪ್ರೋಗ್ರಾಮಿಂಗ್ ಇದರ ಬೆನ್ನೆಲುಬು.

ಒಂದು ಲೆಕ್ಕ ಮಾಡೋಣ. ಪೆನ್ನು ತಗೊಳ್ಳಿ. ನಿಮ್ಮ ಫೋನು ತೆಗೆಯುವ ಫುಲ್ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ 20,73,600. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ. ಪ್ರತಿ ಅಂಕಿ 0ಯಿಂದ 255ರ ಒಳಗೆ, ಅಂದರೆ ಒಂದು ಬೈಟ್. ಒಂದು ಚಿತ್ರಕ್ಕೇ 62 ಲಕ್ಷ ಬೈಟ್ ದಾಟಿತು. ಸೆಕೆಂಡಿಗೆ 25 ಚಿತ್ರ ಅಂದರೆ ಸುಮಾರು 155 ಎಂಬಿ. ಒಂದು ನಿಮಿಷಕ್ಕೆ 9 ಜಿಬಿಗೂ ಜಾಸ್ತಿ! ಆದರೆ ನಿಮ್ಮ ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ನೂರು, ನೂರೈವತ್ತು ಎಂಬಿಯಲ್ಲಿ ಮುಗಿಯುತ್ತೆ, ಅಲ್ವಾ? ಉಳಿದದ್ದೆಲ್ಲ ಎಲ್ಲಿ ಹೋಯಿತು?

ಈ ಪ್ರಶ್ನೆ ನಿಮ್ಮನ್ನು ಕಾಡಿದರೆ ಈ ಓದು ನಿಮ್ಮದು. ಉತ್ತರದ ಒಂದು ದೊಡ್ಡ ಭಾಗ ನಮ್ಮ ನಾಡಿನವರೊಬ್ಬರಿಂದ ಬಂದಿದೆ ಅನ್ನೋದು ನನಗೆ ಬಹಳ ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನ ಪ್ರಕಟಿಸಿದರು. ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮವನ್ನು ಬಿಟ್ಟುಬಿಡುವುದಕ್ಕೆ ಅದು ದಾರಿ ಮಾಡಿತು. ವಾಟ್ಸಾಪ್‌ನಲ್ಲಿ ಬರುವ ಜೆಪಿಇಜಿ ಫೋಟೊದ ಒಳಗೆ ಇರುವುದು ಅದೇ. ತುಂಬಾ ಕುಗ್ಗಿಸಿದ ಮದುವೆ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಆ ಚೌಕಗಳು ಕಣ್ಣಿಗೇ ಕಾಣುತ್ತವೆ.

ಫಾರಂಗೆ ಮುಂಚೆ ಮೂರು ತಿಂಗಳು

ಮನೆಯಲ್ಲೇ ಕೂತು ಮಾಡುವ ಕೆಲಸ ಇದು. ಫೀಸು ಇಲ್ಲ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಅದೂ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ ದಿನಕ್ಕೆ ಒಂದು ಗಂಟೆ ಕೇಳಿ ನೋಡಿ. ಫೋನಿನಲ್ಲಿ ಮಾತ್ರ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ ನೇರವಾಗಿ ಹೇಳುತ್ತಿದ್ದೇನೆ.

ಮೊದಲ ತಿಂಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ, ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳುವುದು ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಹಲವು ಪಾಠಗಳಿವೆ. ಇಂಗ್ಲಿಷ್ ಪಾಠ ಅರ್ಥವಾಗದ ದಿನ ಅಲ್ಲಿಗೆ ಹೋಗಿ.

ಎರಡನೇ ತಿಂಗಳು ಚಿತ್ರವನ್ನು ಪೈಥಾನ್ ಒಳಗೆ ತನ್ನಿ. ಓಪನ್‌ಸಿವಿ ಎಂಬ ಉಚಿತ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಸಂಗ್ರಹ, ಇದೆ. ನಿಮ್ಮದೇ ಮುಖದ ಒಂದು ಫೋಟೊ ಅದರಿಂದ ಓದಿಸಿ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ತೋರಿಸಿ. ಮುಖ ನೀಲಿಯಾಗಿ ಬರುತ್ತೆ! ನಾನು ಮೊದಲ ಸಲ ನೋಡಿದಾಗ ಕಂಪ್ಯೂಟರ್ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಟ್ಟುಕೊಳ್ಳುತ್ತೆ. ತೋರಿಸುವ ಲೈಬ್ರರಿ ಕೆಂಪು, ಹಸಿರು, ನೀಲಿ ಎಂದು ಓದುತ್ತೆ. ಮೊದಲನೆಯದು ಕೊನೆಗೆ, ಕೊನೆಯದು ಮೊದಲಿಗೆ ಮಾಡಿದರೆ ಮುಖ ಮತ್ತೆ ಮುಖವಾಗುತ್ತೆ. ಚಿತ್ರ ಅಂದರೆ ಅಂಕಿಗಳ ಸಾಲು ಎಂಬ ಮಾತು ಆ ಸಂಜೆ ನನಗೆ ನಿಜವಾಗಿ ತಲೆಗೆ ಹತ್ತಿತು. ಆ ಖಾಸಗಿ ಕೇಂದ್ರದ ಎಂಟು ತಿಂಗಳಲ್ಲಿ ಆಗದ್ದು ಅದು.

ಮೂರನೇ ತಿಂಗಳು ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್. ಇದು ಪೂರ್ತಿ ಉಚಿತ. ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯುವ ಹತ್ತು ಸೆಕೆಂಡ್ ಅನಿಮೇಷನ್ ಮಾಡಿ. ಸೆಕೆಂಡಿಗೆ 25ರಂತೆ 250 ಚಿತ್ರ. ನಮ್ಮ ಕಡೆಯವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ರೆಂಡರ್ ಮಾಡುವಾಗ, ಅಂದರೆ ಕಂಪ್ಯೂಟರ್ ಒಂದೊಂದೇ ಚಿತ್ರವನ್ನು ಲೆಕ್ಕ ಹಾಕಿ ತಯಾರಿಸುವಾಗ, ನೇರವಾಗಿ ವಿಡಿಯೊ ಫೈಲ್ ಮಾಡಬೇಡಿ. ಒಂದೊಂದು ಚಿತ್ರವನ್ನೂ ಬೇರೆ ಬೇರೆ ಪಿಎನ್‌ಜಿ ಫೈಲ್ ಆಗಿ ಉಳಿಸಿ. 180ನೇ ಚಿತ್ರ ಮುಗಿದ ಮೇಲೆ ಕರೆಂಟ್ ಹೋದರೆ 181ರಿಂದ ಮುಂದುವರಿಸಬಹುದು. ವಿಡಿಯೊ ಫೈಲ್ ಆಗಿದ್ದರೆ ರಾತ್ರಿಯಿಡೀ ಓಡಿದ ಕೆಲಸ ಹಾಳಾಗಿ ಮತ್ತೆ ಮೊದಲಿಂದ. ಮೇ ತಿಂಗಳಲ್ಲಿ ರೆಂಡರ್ ಅನ್ನು ರಾತ್ರಿಗೇ ಇಟ್ಟುಕೊಳ್ಳಿ. 42 ಡಿಗ್ರಿ ಬಿಸಿಲಲ್ಲಿ, ತಗಡಿನ ಕೆಳಗೆ, ಲ್ಯಾಪ್‌ಟಾಪ್ ತಾನೇ ನಿಧಾನ ಆಗುತ್ತೆ.

ಗಣಿತದ ಭಯ ಇದೆಯಾ? ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆಯಿರಿ. ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ, ಸಂಭವನೀಯತೆ ಈ ಪಾಠಗಳನ್ನು ಮತ್ತೆ ಮಾಡಿ. ಆಮೇಲೆ ಪಿಯುಸಿ ಪುಸ್ತಕದಿಂದ ಮ್ಯಾಟ್ರಿಕ್ಸ್. ಚೌಕದ ಹಾಳೆಯ ಮೇಲೆ (3, 1) ಎಂಬ ಚುಕ್ಕಿ ಇಡಿ. ಅದನ್ನು ಮೂಲದ ಸುತ್ತ ಎಡಕ್ಕೆ 90 ಡಿಗ್ರಿ ತಿರುಗಿಸಿ. (−1, 3) ಆಯಿತು. ಅಂಕಿಗಳು ಜಾಗ ಬದಲಾಯಿಸಿದವು, ಒಂದಕ್ಕೆ ಮೈನಸ್ ಬಂತು. ಅನಿಮೇಷನ್‌ನಲ್ಲಿ ಒಬ್ಬ ಮನುಷ್ಯ ಕತ್ತು ತಿರುಗಿಸಿದಾಗ ಸಾವಿರಾರು ಚುಕ್ಕಿಗೆ ಆಗುವುದು ಇದೇ ಲೆಕ್ಕ. ಮ್ಯಾಟ್ರಿಕ್ಸ್ ಅಂದರೆ ಆ ಲೆಕ್ಕವನ್ನು ಒಟ್ಟಿಗೆ ಬರೆದಿಡುವ ರೀತಿ.

ಮೂರು ತಿಂಗಳಾದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಮುಖ ನೀಲಿಯಾದಾಗ ಬೇಜಾರಾಯಿತೋ, ಕುತೂಹಲ ಹುಟ್ಟಿತೋ? ಬೇಜಾರಾಗಿದ್ದರೆ ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವಿಡಿಯೊ ಎಡಿಟಿಂಗ್, ಪತ್ರಿಕೋದ್ಯಮ ಒಳ್ಳೆಯ ದಾರಿಗಳೇ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂಎ ಇದೆ.

ಯಾವ ಬಾಗಿಲು ನಿಮಗೆ ತೆರೆದಿದೆ

ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಮಲ್ಟಿಮೀಡಿಯಾ ಕಂಪ್ಯೂಟಿಂಗ್ ಎಂಬ ಹೆಸರಿನದೇ ಪದವಿ ಹುಡುಕುತ್ತಾ ವರ್ಷ ಕಳೆಯಬೇಡಿ. ಎಂಸಿಎ ಮಾಡಿ ಅದರೊಳಗೆ ಕಂಪ್ಯೂಟರ್ ಗ್ರಾಫಿಕ್ಸ್, ಇಮೇಜ್ ಪ್ರೊಸೆಸಿಂಗ್, ಮಲ್ಟಿಮೀಡಿಯಾ ಥರದ ವಿಷಯ ಆರಿಸಿಕೊಂಡರೆ ಅದೇ ಓದು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಕೂಡ ಅದರಲ್ಲೇ ಮಾಡಬಹುದು. ನಾನು ಹಾಗೇ ಮಾಡಿದೆ.

ಎಂಸಿಎ ಈಗ ಎರಡು ವರ್ಷದ ಕೋರ್ಸು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯಾದ ಎಐಸಿಟಿಇಯ ಇತ್ತೀಚಿನ ಕೈಪಿಡಿ ಯಾವುದೇ ಪದವಿಯವರಿಗೂ ಅವಕಾಶ ಕೊಡುತ್ತದೆ. ಶೇ. 50 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇ. 45. ಗಣಿತ ಓದದವರು ಬ್ರಿಡ್ಜ್ ಕೋರ್ಸ್, ಅಂದರೆ ಕೊರತೆ ತುಂಬುವ ಹೆಚ್ಚುವರಿ ಪಾಠ, ಮಾಡಲೇಬೇಕು. ಆದರೆ ನಮ್ಮ ರಾಜ್ಯದಲ್ಲಿ ಪಿಜಿ ಪ್ರವೇಶ ಪರೀಕ್ಷೆ ಪಿಜಿಸಿಇಟಿಯನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅವರ ಪುಸ್ತಿಕೆಯಲ್ಲಿ ಪಿಯುಸಿ ಅಥವಾ ಪದವಿಯಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್, ಬಿಸಿನೆಸ್ ಮ್ಯಾಥ್ಸ್, ಕಂಪ್ಯೂಟರ್ ಇಂಥ ಒಂದು ವಿಷಯ ಇರಬೇಕೆಂದು ಕೇಳುತ್ತಾ ಬಂದಿದ್ದಾರೆ. ನಿಮ್ಮ ಸೀಟು ನಿರ್ಧರಿಸುವುದು ನೀವು ಅರ್ಜಿ ಹಾಕುವ ವರ್ಷದ ಆ ಪುಸ್ತಿಕೆ. ಅರ್ಹತೆಯ ಪುಟವನ್ನು ಎರಡು ಸಲ ಓದಿ.

ಈಗ ನಿಮ್ಮ ಅಂಕಪಟ್ಟಿ ಹೊರಗೆ ತೆಗೆಯಿರಿ. ಎಲ್ಲ ಸೆಮಿಸ್ಟರಿನದೂ. ಬಿಕಾಂನವರಿಗೆ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ, ಮರೆತಿರುತ್ತಾರೆ. ಬಿಎಯಲ್ಲಿ ಅರ್ಥಶಾಸ್ತ್ರ ತಗೊಂಡವರಿಗೂ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಇರಬಹುದು. ಸಿಕ್ಕರೆ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ದಾಖಲೆ ಪರಿಶೀಲನೆಯ ದಿನ ಅದನ್ನೇ ತೋರಿಸಬೇಕು. ಗುರುತು ಮಾತ್ರ ಜೆರಾಕ್ಸ್ ಮೇಲೆ, ಮೂಲ ಪ್ರತಿಯ ಮೇಲಲ್ಲ!

ಪಿಜಿಸಿಇಟಿಯ ಎಂಸಿಎ ಪತ್ರಿಕೆ 100 ಅಂಕದ್ದು, ಬಹು ಆಯ್ಕೆಯ ಪ್ರಶ್ನೆಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಗಣಿತ, ಕಂಪ್ಯೂಟರ್ ಸಾಮಾನ್ಯ ಜ್ಞಾನ, ತರ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ ಇರುತ್ತವೆ. ಸ್ಪರ್ಧಾ ಪರೀಕ್ಷೆಗೆ ಓದಿದ ಬಿಎಯವರು ಕೊನೆಯ ಮೂರರಲ್ಲಿ ಸೈನ್ಸ್‌ನವರಿಗಿಂತ ಮುಂದಿರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಕಲಬುರಗಿಯಲ್ಲೇ ಓದಬೇಕೆನ್ನುವವರಿಗೆ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಶರಣಬಸವ ವಿಶ್ವವಿದ್ಯಾಲಯವಿದೆ, ವಿಟಿಯುವಿನ ಪ್ರಾದೇಶಿಕ ಕೇಂದ್ರವಿದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಪಿಜಿಗೆ ಸಿಯುಇಟಿ-ಪಿಜಿ ಬರೆಯಬೇಕು, ಪಿಜಿಸಿಇಟಿ ಅಲ್ಲ. ಈ ಎರಡನ್ನು ಒಂದೇ ಎಂದುಕೊಂಡು ಅರ್ಜಿಯ ದಿನ ತಪ್ಪಿಸಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ಊರು ಬಿಡಲಾಗದವರಿಗೆ, ಕೆಲಸದಲ್ಲಿರುವವರಿಗೆ ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದ ಎಂಸಿಎ ಇದೆ. ಕಂಪ್ಯೂಟರ್ ಓದದೆ ಬಂದವರು ಅಲ್ಲಿ ಎರಡು ಬ್ರಿಡ್ಜ್ ವಿಷಯ ಮಾಡಬೇಕು. ಒಂದು ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್, ಇನ್ನೊಂದು ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ರೀತಿ. ಅಲ್ಲಿ ಸೇರದವರೂ ಆ ಪಠ್ಯ ತೆಗೆದು ಓದಬಹುದು. ಒಬ್ಬರೇ ಕೂತು ಓದುವವರಿಗೆಂದೇ ಬರೆದದ್ದು.

ಚಿತ್ರ ಬರೆಯುವ ಕೈ ಇರುವವರಿಗೆ ಇನ್ನೊಂದು ದಾರಿ ಎಂ.ಡಿಸೈನ್, ಅಂದರೆ ವಿನ್ಯಾಸದ ಸ್ನಾತಕೋತ್ತರ ಪದವಿ. ಅದಕ್ಕೆ ಐಐಟಿ ಬಾಂಬೆ ನಡೆಸುವ ಸೀಡ್ (CEED) ಪರೀಕ್ಷೆಯನ್ನು ಪಿಯುಸಿ ನಂತರ ಮೂರು ವರ್ಷದ ಪದವಿ ಮುಗಿಸಿದವರು ಬರೆಯಬಹುದು. ಯಾವ ವಿಷಯವಾದರೂ ಸರಿ, ವಯಸ್ಸಿನ ಮಿತಿ ಇಲ್ಲ. ಒಂದು ಭಾಗ ಕಂಪ್ಯೂಟರಿನಲ್ಲಿ, ಇನ್ನೊಂದು ಭಾಗ ಹಾಳೆ ಮೇಲೆ ಚಿತ್ರ ಬಿಡಿಸಿ ಉತ್ತರಿಸುವುದು. ಆದರೆ ಹುಷಾರು: ಪರೀಕ್ಷೆ ಬರೆಯಲು ಅರ್ಹತೆ ಬೇರೆ, ಪ್ರವೇಶಕ್ಕೆ ಅರ್ಹತೆ ಬೇರೆ. ಕೆಲವು ಸಂಸ್ಥೆಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಪರೀಕ್ಷೆ ಶುಲ್ಕ ಕಟ್ಟುವ ಮೊದಲೇ ನಿಮಗೆ ಬೇಕಾದ ಸಂಸ್ಥೆಯ ನಿಯಮ ನೋಡಿ. ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್, ಇಂಟರಾಕ್ಷನ್ ಡಿಸೈನ್ ಇವೆ. ಅದಕ್ಕೆ ಅವರದೇ ಪ್ರವೇಶ ಪರೀಕ್ಷೆ.

ವಿದೇಶದ ಮಾತೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಬೇರೆ ವಿಷಯ ಓದಿದವರಿಗೆಂದೇ ಒಂದು ವರ್ಷದ ಕಂಪ್ಯೂಟಿಂಗ್ ಎಂಎಸ್‌ಸಿಗಳಿವೆ. ಕನ್ವರ್ಷನ್ ಕೋರ್ಸ್ ಅನ್ನುತ್ತಾರೆ. ಓದು ಒಳ್ಳೆಯದೇ. ಖರ್ಚು ದೊಡ್ಡದು. ಓದಿನ ನಂತರ ಅಲ್ಲಿ ಉಳಿಯಲು ಸಿಗುವ 2 ವರ್ಷವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ ಹೇಳಿದೆ. ಹೊಲ ಅಡವಿಟ್ಟು ಹೋಗುವ ಮೊದಲು ಈ ಲೆಕ್ಕ ಮನೆಯವರ ಜೊತೆ ಕೂತು ಮಾಡಿ.

ಕಾಗದ ಪತ್ರ

ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಮೊದಲು ಮಾಡಿಸಿಕೊಳ್ಳಿ. ಬೇರೆ ಎಲ್ಲ ಆಮೇಲೆ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ನಮ್ಮ ಭಾಗದವರಿಗೆ ಶೇ. 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ. 8. ಬೆಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಲು ಆ ಎಂಟು ನಿಜವಾಗಿ ನೆರವಾಗುತ್ತೆ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಕೌನ್ಸೆಲಿಂಗ್ ಹೊತ್ತಿಗೆ ಕಚೇರಿಯಲ್ಲಿ ಜನಸಾಗರ. ಪದವಿಯ ಕೊನೆಯ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿಬಿಡಿ. ಶಾಲೆ ದಾಖಲೆಯಲ್ಲಿ ಮತ್ತು ಆಧಾರ್‌ನಲ್ಲಿ ನಿಮ್ಮ ಹೆಸರಿನ ಕಾಗುಣಿತ ಒಂದೇ ಇದೆಯಾ ನೋಡಿ. ಬಸವರಾಜ್, ಬಸವರಾಜಪ್ಪ ಎಂಬ ಒಂದು ವ್ಯತ್ಯಾಸಕ್ಕೆ ಮೂರು ಸಲ ತಿರುಗಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್.

ಸಿಲಬಸ್ ಓದುವುದು, ದುಡ್ಡು ಕಟ್ಟುವುದು

ಕಾಲೇಜಿನ ಕಟ್ಟಡ ನೋಡಬೇಡಿ, ಸಿಲಬಸ್ ನೋಡಿ. ಸಾಫ್ಟ್‌ವೇರ್‌ಗಳ ಹೆಸರೇ ತುಂಬಿದ್ದರೆ ಅದು ತರಬೇತಿ. ಡೇಟಾ ಸ್ಟ್ರಕ್ಚರ್, ಗ್ರಾಫಿಕ್ಸ್, ಇಮೇಜ್ ಪ್ರೊಸೆಸಿಂಗ್, ಕಂಪ್ರೆಷನ್, ಬಳಕೆದಾರರ ಅಧ್ಯಯನ ಇಂಥವು ಇದ್ದರೆ ಅದು ಕಂಪ್ಯೂಟಿಂಗ್. ಲ್ಯಾಬ್‌ಗೆ ಹೋಗಿ ಒಂದು ಕಂಪ್ಯೂಟರ್ ಆನ್ ಮಾಡಿಸಿ. ಗ್ರಾಫಿಕ್ಸ್ ಕಾರ್ಡ್ ಇದೆಯಾ, ಸಂಜೆ ಎಷ್ಟರವರೆಗೆ ಲ್ಯಾಬ್ ತೆರೆದಿರುತ್ತೆ ಕೇಳಿ. ಅಲ್ಲಿ ಓದುತ್ತಿರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಪದವಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ಯುಜಿಸಿ ವೆಬ್‌ಸೈಟಿನಲ್ಲಿ ನೋಡಿ. ಯಾರೋ ಹೇಳಿದ್ದನ್ನು ನಂಬಬೇಡಿ. ನಾನು ಈ ಒಂದು ಪ್ಯಾರಾದಷ್ಟು ವಿಚಾರಿಸಿದ್ದರೂ ಅಪ್ಪನ 45,000 ಉಳಿಯುತ್ತಿತ್ತು.

ರೈತರ ಮಕ್ಕಳಿಗೆ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಯೋಜನೆ ಶುರುವಾದದ್ದು 2021ರಲ್ಲಿ. ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಬ್ಯಾಂಕ್ ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಲ್ಯಾಪ್‌ಟಾಪನ್ನೂ ಸಾಲದ ಲೆಕ್ಕದಲ್ಲಿ ಸೇರಿಸಲು ಬರುತ್ತೆ, ಕೇಳಿ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಎರಡು ವರ್ಷ ನಡೆಯುತ್ತೆ.

ನಿಮ್ಮ ಬಿಎಯನ್ನು ಬಚ್ಚಿಡಬೇಡಿ

ಇಂಟರ್‌ವ್ಯೂನಲ್ಲಿ ನಾನು ಇತಿಹಾಸ ಓದಿದ್ದು ಹೇಳಲು ಹಿಂಜರಿಯುತ್ತಿದ್ದೆ. ತಪ್ಪು ಮಾಡಿದೆ. ಕೋಡ್ ಬರೆಯುವವರು ಸಾಕಷ್ಟು ಸಿಗುತ್ತಾರೆ. ಏನನ್ನು ತೋರಿಸಬೇಕು ಎಂದು ತಿಳಿದವರು ಕಡಿಮೆ. ನಮ್ಮ ಸುತ್ತ ಎಷ್ಟು ಇದೆ ನೋಡಿ! ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವಿದೆ. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೊ' ಎಂದು ಕೆತ್ತಿದೆ. ಆ ಅಕ್ಷರ ಒಂದೊಂದಾಗಿ ಬದಲಾಗುತ್ತಾ ಇಂದಿನ ಕನ್ನಡ ಅಕ್ಷರವಾಗುವ ಅನಿಮೇಷನ್ ಮಾಡಿದರೆ ಹೇಗಿರುತ್ತೆ? ಲಿಪಿಯ ಚರಿತ್ರೆ ಬಿಎಯವರಿಗೆ ಗೊತ್ತು. ಗೆರೆಯನ್ನು ಗೆರೆಗೆ ಹೊಂದಿಸುವ ಲೆಕ್ಕ ಎಂಸಿಎಯಲ್ಲಿ ಕಲಿಯುತ್ತೀರಿ.

ಬೀದರಿನವರು ಬಿದರಿ ಹೂಜಿಯ ಮೂರು ಆಯಾಮದ ಮಾದರಿ ಮಾಡಬಹುದು. ಆದರೆ ಸುತ್ತ ಫೋಟೊ ತೆಗೆದು ಸಾಫ್ಟ್‌ವೇರಿಗೆ ಕೊಟ್ಟರೆ ಬರುವುದಿಲ್ಲ. ಬೆಳ್ಳಿ ಹೊಳೆಯುತ್ತೆ, ಹೊಳಪು ಪ್ರತಿ ಫೋಟೊದಲ್ಲೂ ಜಾಗ ಬದಲಾಯಿಸುತ್ತೆ, ಸಾಫ್ಟ್‌ವೇರ್ ಗೊಂದಲಕ್ಕೆ ಬೀಳುತ್ತೆ. ಬ್ಲೆಂಡರಿನಲ್ಲಿ ಕೈಯಿಂದಲೇ ಕಟ್ಟಬೇಕು. ಕರಿ ಮೈಗೆ ಒಂದು ಮೇಲ್ಮೈ, ಬೆಳ್ಳಿ ಹೂಬಳ್ಳಿಗೆ ಇನ್ನೊಂದು. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಕಮಾನುಗಳಂಥ ಕಲ್ಲು ಕಟ್ಟಡಕ್ಕಾದರೆ ಫೋಟೊ ವಿಧಾನ ಚೆನ್ನಾಗಿ ಒಗ್ಗುತ್ತೆ. ಮೋಡ ಇರುವ ದಿನ ಹೋಗಿ, ನೆರಳು ಗಾಢ ಇರಬಾರದು. ಫೋಟೊಗೆ ಅನುಮತಿ ಬೇಕಾ ಎಂದು ಅಲ್ಲಿಯ ಸಿಬ್ಬಂದಿಯನ್ನು ಮೊದಲೇ ಕೇಳಿ.

ಕನ್ನಡ ಅಕ್ಷರ ಹಾಕುವಾಗ ಒಂದು ತೊಂದರೆ ಬರುತ್ತೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ 'ಅಪ್ಪ' ಎಂದು ಬರೆದರೆ ಪ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲಬಹುದು. ಫಾಂಟ್ ತಪ್ಪಲ್ಲ. ಪಠ್ಯದ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಎಂಜಿನ್ ಆರಿಸಬೇಕು. ಹಾಗೇ ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಯೇ ಅಂಟಿಸಿ. ಈ ಚಿಕ್ಕ ಕೆಲಸ ಗೊತ್ತಿದ್ದುದಕ್ಕೇ ನನಗೆ ಮೊದಲ ಕೆಲಸ ಸಿಕ್ಕಿತು. ಕಂಪನಿಯಲ್ಲಿ ಹತ್ತು ಎಂಜಿನಿಯರ್‌ಗಳಿದ್ದರು, ಒತ್ತಕ್ಷರ ತಪ್ಪಿದೆ ಎಂದು ಹಿಡಿಯುವವರು ಒಬ್ಬರೂ ಇರಲಿಲ್ಲ.

ಮೊದಲ ಸೆಮಿಸ್ಟರ್

ಕಷ್ಟ ಆಗುತ್ತೆ. ಪಕ್ಕದಲ್ಲಿ ಬಿಸಿಎ ಮಾಡಿದವರು ಕೂತಿರುತ್ತಾರೆ, ಲೆಕ್ಚರ್ ಪೂರ್ತಿ ಇಂಗ್ಲಿಷ್. ಎರಡು ನೋಟ್‌ಬುಕ್ ಇಡಿ. ಒಂದರಲ್ಲಿ ಕ್ಲಾಸಿನ ಇಂಗ್ಲಿಷ್ ನೋಟ್ಸ್. ಇನ್ನೊಂದರಲ್ಲಿ ರಾತ್ರಿ ಅದನ್ನೇ ನಿಮ್ಮ ಕನ್ನಡದಲ್ಲಿ ಬರೆಯಿರಿ, ತಂಗಿಗೋ ತಮ್ಮನಿಗೋ ಹೇಳುವ ಹಾಗೆ. ಎಲ್ಲಿ ಬರೆಯಲು ಬರುವುದಿಲ್ಲವೋ ಅಲ್ಲಿ ಅರ್ಥ ಆಗಿಲ್ಲ ಎಂದು ಗೊತ್ತಾಗುತ್ತೆ. ಮಾರನೇ ದಿನ ಅದೊಂದನ್ನೇ ಕೇಳಿ. ಬಿಸಿಎ ಗೆಳೆಯರ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಳ್ಳಿ. ಅವರು ನಿಮ್ಮ ಕೋಡ್ ನೋಡಲಿ, ನೀವು ಅವರ ಸೆಮಿನಾರ್ ತಿದ್ದಿಕೊಡಿ.

ಅಫಜಲಪುರದ ಹುಡುಗಿ ಈಗ ಎರಡನೇ ತಿಂಗಳಲ್ಲಿದ್ದಾಳೆ. ಮೊನ್ನೆ ರಾತ್ರಿ ಒಂದು ಫೋಟೊ ಕಳಿಸಿದಳು. ಅವಳ ಅಜ್ಜಿಯ ಮುಖ, ಪೂರ್ತಿ ನೀಲಿ. ಕೆಳಗೆ ಬರೆದಿದ್ದಳು: "ಅಣ್ಣಾ, ಬಂತು. ಸರಿ ಮಾಡೋದು ಹೇಳಬ್ಯಾಡ್ರಿ, ನಾನೇ ನೋಡ್ತೀನಿ."